ಸದರ್ ಕೋಣಕ್ಕೆ ಯಾವ ಸಾಫ್ಟ್‌ವೇರ್?

ಆ ಕೋಣದ ಗುಂಗು ಇನ್ನೂ ಬಿಟ್ಟಿಲ್ಲ. ದೀಪಾವಳಿ ಮುಗಿದ ಮೇಲೆ ಹೈದರಾಬಾದಿನ ನಾರಾಯಣಗುಡದಲ್ಲಿ ಸದರ್ ನಡೆಯುತ್ತದಲ್ಲ, ಯಾದವರು ಕೋಣಗಳ ಮೈಗೆ ಎಣ್ಣೆ ಹಚ್ಚಿ, ಹಾರ ಹಾಕಿ, ಬ್ಯಾಂಡಿನ ಅಬ್ಬರದಲ್ಲಿ ಮುಂಗಾಲೆತ್ತಿಸಿ ನಿಲ್ಲಿಸುವ ಹಬ್ಬ, ಅಲ್ಲಿಯ ಕೋಣ. ಅದರ ಚಿತ್ರ ಬರೆದವಳು ಕಾಚಿಗುಡದ ಕನ್ನಡ ಮನೆಯೊಂದರ ಏಳು ವರ್ಷದ ಹುಡುಗಿ. ರಫ್ ನೋಟ್‌ಬುಕ್ಕಿನ ಹಾಳೆ, ಸಾದಾ ಪೆನ್ಸಿಲ್ಲು. ಭಾರವೆಲ್ಲ ಹಿಂಗಾಲಿಗೆ ಬಿದ್ದು ತೊಡೆ ಉಬ್ಬಿದೆ. ಹಗ್ಗ ಹಿಡಿದವನು ಹಿಮ್ಮಡಿ ಊರಿ ಹಿಂದಕ್ಕೆ ವಾಲಿದ್ದಾನೆ. ಚಿತ್ರಕಲೆ ಕಲಿತ ದೊಡ್ಡವರೂ ಎಡವುವ ಜಾಗವಿದು. ಕೊಂಬಿನ ಬಳಿ ಮಾತ್ರ ಅಳಿಸಿ ಅಳಿಸಿ ಹಾಳೆ ತೂತಾಗಿತ್ತು.

ಅಪ್ಪ ಹೈಟೆಕ್ ಸಿಟಿಯ ಉದ್ಯೋಗಿ. ಮಗಳಿಗೆ ಕಂಪ್ಯೂಟರಿನಲ್ಲಿ ಚಿತ್ರ ಕಲಿಸಬೇಕೆಂದು ಎಕ್ಸೆಲ್ಲಿನಲ್ಲಿ ಸಾಫ್ಟ್‌ವೇರುಗಳ ಪಟ್ಟಿಯನ್ನೇ ಮಾಡಿಟ್ಟಿದ್ದರು. ಛೋಟಾ ಭೀಮ್ ತಯಾರಾಗುವ ಊರಲ್ಲವೇ, ಕನಸಿಗೇನು ಬರ. "ಫೋಟೋಶಾಪ್ ಈಗ್ಲೇ ಸುರು ಮಾಡಿದ್ರ ಮುಂದ ಚೊಲೋ ಆಗ್ತದಲ್ರಿ?" ಎಂದರು. ಹುಮನಾಬಾದಿನಿಂದ ಬಂದಿದ್ದ ಅಜ್ಜಿ ತೂತಾದ ಹಾಳೆ ಎತ್ತಿ ತೋರಿಸಿದರು: "ಮೊದ್ಲ ಆಕಿಗಿ ಒಂದ್ ಚೊಲೋ ರಬ್ಬರ್ ತಂದ್ ಕೊಡ್ರಿ."

ಅಜ್ಜಿಯ ಮಾತೇ ಸರಿ ಎನ್ನುವವನು ನಾನು. ಮಕ್ಕಳ ಸಾಫ್ಟ್‌ವೇರಿನಲ್ಲಿ ಎಷ್ಟು ಬ್ರಷ್ಷಿದೆ ಎಂದು ಎಣಿಸುವ ಬದಲು, ಕೆಡಿಸಿದ್ದನ್ನು ಸರಿಮಾಡಿಕೊಳ್ಳಲು ಎಷ್ಟು ಸಲೀಸು, ಕೈತಪ್ಪಿದರೆ ಏನಾಗುತ್ತದೆ ಎಂದು ನೋಡಬೇಕು. ಈ ಪ್ರಶ್ನೆಗೆ ಮೂವತ್ತೈದು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಆ್ಯಪಲ್‌ನ ಮ್ಯಾಕ್‌ಪೇಂಟ್ ಬಂದದ್ದು 1984ರಲ್ಲಿ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಕಲೆ ಕಲಿಸುತ್ತಿದ್ದ ಕ್ರೇಗ್ ಹಿಕ್‌ಮನ್ ಅವರ ಮೂರು ವರ್ಷದ ಮಗ ಬೆನ್ ಅದರಲ್ಲಿ ಗೀಚುವಾಗ ಮೌಸ್ ಜಾರಿ ಬೇಡದ ಮೆನುಗಳು ತೆರೆದುಕೊಳ್ಳುತ್ತಿದ್ದವು. ಮಗನಿಗಾಗಿ ಅಪ್ಪ 1989ರಲ್ಲಿ ಕಿಡ್ ಪಿಕ್ಸ್ ಬರೆದು ಪುಕ್ಕಟೆ ಹಂಚಿದರು. 1991ರಲ್ಲಿ ಬ್ರೋಡರ್‌ಬಂಡ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು.

ಕಿಡ್ ಪಿಕ್ಸ್‌ನ ರಬ್ಬರಿನ ಕಥೆ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಅಳಿಸುವುದೇ ಆಟ. ಒಂದು ರಬ್ಬರ್ ಪಟಾಕಿ: ಹಾಳೆಯ ಮೇಲೆ ಒತ್ತಿದರೆ ಚಿತ್ರವೆಲ್ಲ ಸಿಡಿದು ಮಾಯ. ಇನ್ನೊಂದರಲ್ಲಿ ಉಜ್ಜುತ್ತ ಹೋದ ಹಾಗೆ ಅಡಿಯಿಂದ ಬೇರೆಯೇ ಚಿತ್ರವೊಂದು ಇಣುಕುತ್ತದೆ. ಹಿಂದಕ್ಕೆ ಹೋಗುವ ಅನ್‌ಡೂ ಗುಂಡಿಯಲ್ಲಿ ಒಬ್ಬ ಪುಟ್ಟ ಮನುಷ್ಯನ ಮುಖ; ಒತ್ತಿದರೆ ಅಯ್ಯೋ ಎಂಬಂತೆ ಕೂಗುತ್ತಾನೆ. ತಪ್ಪಿಗೆ ಬೈಗುಳವಿಲ್ಲ, ನಗೆಯಿದೆ. ಇವತ್ತಿನ ದುಬಾರಿ ಆ್ಯಪ್‌ಗಳಲ್ಲಿ ಎಲ್ಲವೂ ಇದೆ, ಈ ತುಂಟತನವೊಂದಿಲ್ಲ. 2021ರಲ್ಲಿ ಅಭಿಮಾನಿಯೊಬ್ಬರು ಕಿಡ್ ಪಿಕ್ಸ್ ಅನ್ನು ಬ್ರೌಸರಿನಲ್ಲೇ ಓಡುವಂತೆ ಮತ್ತೆ ಕಟ್ಟಿದರು. ಹುಡುಗಿಗೆ ತೋರಿಸಿದೆ. ಕೋಣದ ಯೋಚನೆ ಬಿಟ್ಟು ಪಟಾಕಿ ಸಿಡಿಸುತ್ತಲೇ ಕೂತಳು. ನಾನೂ ಜೊತೆಗೆ ಕೂತೆ ಅನ್ನಿ.

ಆಮೇಲೆ ಟಕ್ಸ್ ಪೇಂಟ್. 2002ರಲ್ಲಿ ಬಿಲ್ ಕೆಂಡ್ರಿಕ್ ಶುರುಮಾಡಿದ ಮುಕ್ತ ತಂತ್ರಾಂಶ, ಮೂರರಿಂದ ಹನ್ನೆರಡು ವರ್ಷದವರಿಗೆಂದು. ಕಾಸು ಕೊಡಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಮೆನುಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಇಟ್ಟುಕೊಳ್ಳಬಹುದು. ಉಳಿಸುವಾಗ ಫೈಲಿಗೆ ಹೆಸರು ಕೇಳುವುದಿಲ್ಲ. ಬರೆದದ್ದೆಲ್ಲ ಪುಟ್ಟ ಚಿತ್ರಗಳಾಗಿ ಸಾಲಾಗಿ ಕಾಣುತ್ತದೆ. ನನ್ನ ತಕರಾರು ಒಂದೇ, ಸ್ಟಾಂಪುಗಳು. ಸಿದ್ಧ ಪ್ರಾಣಿ, ಸಿದ್ಧ ಹೂವು. ಕೈಯಲ್ಲಿ ಕಲೆ ಇರುವ ಮಗು ಅವನ್ನು ಒತ್ತುತ್ತ ಕೂತರೆ ಬರೆಯುವುದನ್ನೇ ಬಿಡುತ್ತದೆ. ಸೆಟ್ಟಿಂಗಿನಲ್ಲಿ ಸ್ಟಾಂಪುಗಳನ್ನು ಮುಚ್ಚಿಡಬಹುದು, ಮುಚ್ಚಿಡಿ. ಐದು ವರ್ಷದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಈ ಹುಡುಗಿಯ ಕೋಣ ಮಾತ್ರ ಅದರಲ್ಲಿ ಮೇಲೇಳಲಿಲ್ಲ. ಮೌಸಿನಲ್ಲಿ ತೊಡೆ ಬರಲಿಲ್ಲ, ಮುಖ ಸಪ್ಪಗಾಯಿತು. ಚಿಕ್ಕಪ್ಪನ ಹಳೆಯ ಪೆನ್ ಟ್ಯಾಬ್ಲೆಟ್ ಅಟ್ಟದಿಂದ ಇಳಿಯಿತು. ಕೃತಾ ಹಾಕಿದೆವು. ಕೆಡಿಇ ಬಳಗದ್ದು, ಇದೂ ಉಚಿತ, ಆದರೆ ದೊಡ್ಡವರದು. ಪರದೆ ತುಂಬ ಗುಂಡಿಗಳನ್ನು ಕಂಡು ಅಪ್ಪನೇ ಹಿಂಜರಿದರು. ಟ್ಯಾಬ್ ಕೀ ಒತ್ತಿದರೆ ಗುಂಡಿಗಳೆಲ್ಲ ಮರೆಯಾಗಿ ಬಿಳಿ ಹಾಳೆಯೊಂದೇ ಉಳಿಯುತ್ತದೆ. ಬಲಗುಂಡಿ ಒತ್ತಿದರೆ ಬಣ್ಣದ ಚಕ್ರ, ಅದರ ಸುತ್ತ ಆಯ್ದ ಬ್ರಷ್ಷುಗಳು. ಮಗುವಿಗೆ ಇಷ್ಟು ಸಾಕು. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ, ಮೊದಲು ಗೆರೆ ಅಡ್ಡಾದಿಡ್ಡಿ ಓಡಿತು. ಗೆರೆಯ ನಡುಕ ತಗ್ಗಿಸುವ ಸ್ಟೆಬಿಲೈಸರ್ ಹಾಕಿದ ಮೇಲೆ ಬೆನ್ನಿನ ಬಾಗು ಬಂತು, ಸಂಜೆಯ ಹೊತ್ತಿಗೆ ಹಿಂಗಾಲೂ ಬಂತು. ಹಾರವನ್ನು ಬೇರೆ ಲೇಯರಿನಲ್ಲಿ ಬರೆಸಿದೆ. ಹಾರ ಅಳಿಸಿದರೂ ಕೆಳಗೆ ಕೋಣದ ಮೈ ಹಾಗೇ ಇದೆ ಎಂದು ತಿಳಿದದ್ದೇ ತಡ, ಚೆಂಡುಹೂವು, ಗುಲಾಬಿ, ಕೊನೆಗೆ ಸೀರಿಯಲ್ ಸೆಟ್ಟಿನ ದೀಪಗಳು. ಟಕ್ಸ್ ಪೇಂಟ್ ಹೇಳುವ ಹನ್ನೆರಡರ ಲೆಕ್ಕ ನಂಬಿಕೊಂಡಿದ್ದರೆ ಇವಳಿಗೆ ಇದು ಸಿಗಲು ಇನ್ನೂ ಐದು ವರ್ಷ ಬೇಕಿತ್ತು.

ಉಳಿದವನ್ನು ಬೇಗ ಮುಗಿಸುತ್ತೇನೆ. ಪ್ರೊಕ್ರಿಯೇಟ್ ಒಳ್ಳೆಯದೇ, ಎರಡು ಬೆರಳು ತಟ್ಟಿದರೆ ಹಿಂದಿನ ಗೆರೆ ಅಳಿಯುತ್ತದೆ, ಒಮ್ಮೆ ಕೊಂಡರೆ ಸಾಕು. ಆದರೆ ಐಪ್ಯಾಡೂ ಅದರ ಪೆನ್ಸಿಲ್ಲೂ ಮೊದಲು ಮನೆಗೆ ಬರಬೇಕು. ಆಂಡ್ರಾಯ್ಡ್ ಟ್ಯಾಬಿನಲ್ಲಿ ಐಬಿಸ್ ಪೇಂಟ್ ಓಡುತ್ತದೆ, ಪುಕ್ಕಟೆಯದರಲ್ಲಿ ಜಾಹೀರಾತುಗಳು ನುಗ್ಗುತ್ತವೆ, ಏಳರ ಮಗುವಿನ ಮುಂದೆ ನನಗದು ಬೇಡ. ಪೆನ್ ಟ್ಯಾಬ್ಲೆಟ್ಟಿಗಾಗಿ ಸಿಕಂದರಾಬಾದಿನ ಪಾರ್ಕ್‌ಲೇನ್‌ನ ಸಿಟಿಸಿ ಕಂಪ್ಯೂಟರ್ ಮಾರುಕಟ್ಟೆಗೆ ಹೋಗುವವರಿಗೆ ಒಂದು ಮಾತು: ಒತ್ತಡದ 8192 ಹಂತ ಎಂದು ಅಂಗಡಿಯವರು ಎಷ್ಟೇ ಹೊಗಳಲಿ, ಈ ವಯಸ್ಸಿನ ಕೈಗೆ 2048 ಧಾರಾಳ. ಪರದೆ ಇಲ್ಲದ ಚಿಕ್ಕದನ್ನೇ ಕೇಳಿ. ಮಿಕ್ಕ ದುಡ್ಡಿಗೆ ಡ್ರಾಯಿಂಗ್ ಹಾಳೆ, ಪೆನ್ಸಿಲ್ಲು, ಮತ್ತೆ ಅಜ್ಜಿ ಹೇಳಿದ ಆ ರಬ್ಬರು.