ಉಚಿತ ತಂತ್ರಾಂಶಕ್ಕೆ ಕೋಟಿಗಟ್ಟಲೆ ಬೆಲೆ ಏಕೆ?

ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದಾದ ವಸ್ತುವಿಗೆ ಯಾರಾದರೂ ಕೋಟಿಗಟ್ಟಲೆ ಹಣ ಸುರಿಯುತ್ತಾರೆಯೇ? ಸುರಿದಿದ್ದಾರೆ. ಅಮೆರಿಕದ ಐ.ಬಿ.ಎಂ. ಸಂಸ್ಥೆ 2019ರ ಜುಲೈ ತಿಂಗಳಲ್ಲಿ ರೆಡ್ ಹ್ಯಾಟ್ ಎಂಬ ಕಂಪನಿಯನ್ನು ಸುಮಾರು 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು. ರೆಡ್ ಹ್ಯಾಟ್‌ನ ವ್ಯಾಪಾರ ನಿಂತಿರುವುದು ಲಿನಕ್ಸ್ ಮೇಲೆ. ಲಿನಕ್ಸ್ ಆದರೋ ಎಲ್ಲರಿಗೂ ಉಚಿತ. ಹಾಗಾದರೆ ಐ.ಬಿ.ಎಂ. ಕೊಂಡದ್ದು ಏನನ್ನು?

ಮೊದಲು ಮುಕ್ತ ತಂತ್ರಾಂಶವೆಂದರೆ ಏನೆಂದು ನೋಡೋಣ. ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆದಿರುವುದೇ ಸೋರ್ಸ್ ಕೋಡ್. ಅನೇಕ ಕಂಪನಿಗಳು ಇದನ್ನು ಗುಟ್ಟಾಗಿ ಇಡುತ್ತವೆ. ಮುಕ್ತ ತಂತ್ರಾಂಶದಲ್ಲಿ ಇದನ್ನು ಬಹಿರಂಗಪಡಿಸಿ, ಓದಲು, ತಿದ್ದಲು, ಹಂಚಲು ಎಲ್ಲರಿಗೂ ಪರವಾನಗಿ ಕೊಟ್ಟಿರುತ್ತಾರೆ.

ಬಿಸಿಬೇಳೆಬಾತ್ ಮಾಡುವ ವಿಧಾನ ಎಷ್ಟೋ ಮನೆಗಳಲ್ಲಿ ಗೊತ್ತು. ಆದರೂ ಸಾವಿರ ಜನರ ಮದುವೆಗೆ ಅಡುಗೆ ಭಟ್ಟರನ್ನೇ ಗೊತ್ತುಮಾಡುತ್ತೇವೆ. ನಾವು ಹಣ ಕೊಡುವುದು ವಿಧಾನಕ್ಕಲ್ಲ. ಹೊತ್ತಿಗೆ ಸರಿಯಾಗಿ ಎಲೆಗೆ ಊಟ ಬೀಳುತ್ತದೆ ಎಂಬ ಭರವಸೆಗೆ. ಮುಕ್ತ ತಂತ್ರಾಂಶದ ವ್ಯಾಪಾರವೂ ಬಹುಮಟ್ಟಿಗೆ ಹೀಗೆಯೇ.

ಭರವಸೆಯ ಬೆಲೆ

ಬ್ಯಾಂಕೊಂದರ ಕಂಪ್ಯೂಟರ್ ವ್ಯವಸ್ಥೆ ನಡುರಾತ್ರಿ ನಿಂತುಹೋದರೆ ಕರೆದ ತಕ್ಷಣ ಓಗೊಡುವವರು ಬೇಕು. ಭದ್ರತೆಯ ಲೋಪ ಕಂಡರೆ ಕೂಡಲೇ ತಿದ್ದುಪಡಿ ಕಳುಹಿಸುವವರು ಬೇಕು. ರೆಡ್ ಹ್ಯಾಟ್ ಈ ಸೇವೆಗೆ ವಾರ್ಷಿಕ ಚಂದಾ ಪಡೆಯುತ್ತದೆ. 2018ರ ಫೆಬ್ರವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಅದರ ವರಮಾನ ಸುಮಾರು 290 ಕೋಟಿ ಡಾಲರ್. ಬಹುಪಾಲು ಚಂದಾ ಹಣವೇ. ಐ.ಬಿ.ಎಂ.ಗೆ ಸಿಕ್ಕಿದ್ದು ವರ್ಷವರ್ಷವೂ ಬರುವ ಈ ವರಮಾನ, ನುರಿತ ಎಂಜಿನಿಯರುಗಳು, ಹೆಸರು ಮತ್ತು ಗಿರಾಕಿಗಳು. ಜೊತೆಗೆ ಓಪನ್‌ಶಿಫ್ಟ್ ಎಂಬ ತಂತ್ರಾಂಶವೂ ಕೈಗೆ ಬಂತು. ಒಂದೇ ಪ್ರೋಗ್ರಾಮನ್ನು ಸ್ವಂತ ಕಂಪ್ಯೂಟರಿನಲ್ಲಾಗಲಿ, ಕ್ಲೌಡ್ ಎಂದು ಕರೆಯುವ ಬಾಡಿಗೆಯ ವ್ಯವಸ್ಥೆಯಲ್ಲಾಗಲಿ ನಡೆಸಲು ಅದು ನೆರವಾಗುತ್ತದೆ. ಅದೇ ಗಿರಾಕಿಗಳಿಗೆ ಐ.ಬಿ.ಎಂ. ತನ್ನ ಇತರ ತಂತ್ರಾಂಶಗಳನ್ನೂ ಸಲಹಾ ಸೇವೆಯನ್ನೂ ಮಾರಬಹುದು.

ಕೃತಿಸ್ವಾಮ್ಯದ ಬೆಲೆ

ಇನ್ನೊಂದು ದಾರಿ ಮೈಎಸ್‌ಕ್ಯೂಎಲ್ ಕಥೆಯಲ್ಲಿ ಕಾಣುತ್ತದೆ. ಮಾಹಿತಿಯನ್ನು ಕ್ರಮವಾಗಿ ಜೋಡಿಸಿಡುವ ಈ ಡೇಟಾಬೇಸ್ ಸ್ವೀಡನ್ನಿನ ಕಂಪನಿಯೊಂದರದು. ಅದು ಜಿ.ಪಿ.ಎಲ್. ಎಂಬ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತಿತ್ತು. ಆದರೆ ಅದನ್ನು ತನ್ನ ತಂತ್ರಾಂಶದೊಳಗೆ ಬೆರೆಸಿ ಮಾರುವವನು ತನ್ನ ಸೋರ್ಸ್ ಕೋಡನ್ನೂ ತೆರೆದಿಡಬೇಕೆಂಬುದು ಆ ಪರವಾನಗಿಯ ಕಟ್ಟಳೆ. ಒಲ್ಲೆನೆನ್ನುವವನು ಹಣ ಕೊಟ್ಟು ಬೇರೆ ಪರವಾನಗಿ ಪಡೆಯಬೇಕು. ಇಂಥ ಬೇರೆ ಪರವಾನಗಿ ಕೊಡುವ ಅಧಿಕಾರ ಕೃತಿಸ್ವಾಮ್ಯ ಉಳ್ಳವರಿಗೆ ಮಾತ್ರ. ಕಂಪನಿಯನ್ನು ಕೊಂಡವರಿಗೆ ಈ ಅಧಿಕಾರವೂ ಬರುತ್ತದೆ.

ಸನ್ ಮೈಕ್ರೋಸಿಸ್ಟಮ್ಸ್ 2008ರಲ್ಲಿ ಸುಮಾರು 100 ಕೋಟಿ ಡಾಲರಿಗೆ ಈ ಕಂಪನಿಯನ್ನು ಕೊಂಡಿತು. 2010ರಲ್ಲಿ ಸನ್ ಸಂಸ್ಥೆಯೇ ಒರಾಕಲ್ ಪಾಲಾಯಿತು. ಒರಾಕಲ್ ತನ್ನದೇ ಡೇಟಾಬೇಸನ್ನು ದೊಡ್ಡ ಬೆಲೆಗೆ ಮಾರುವ ಸಂಸ್ಥೆ. ಅಗ್ಗದ ಪ್ರತಿಸ್ಪರ್ಧಿ ಅದರ ಕೈಗೇ ಸಿಕ್ಕಿದರೆ ಸೊರಗೀತೆಂಬ ಭಯ ಹುಟ್ಟಿತು. ಯುರೋಪಿಯನ್ ಕಮಿಷನ್ ವಿಚಾರಣೆ ನಡೆಸಿತು. ಒರಾಕಲ್ ಹಲವು ವಾಗ್ದಾನಗಳನ್ನು ಕೊಟ್ಟ ಬಳಿಕ 2010ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಅಷ್ಟರಲ್ಲಿ ಮೈಎಸ್‌ಕ್ಯೂಎಲ್ ನಿರ್ಮಾಪಕರಲ್ಲಿ ಒಬ್ಬರಾದ ಮೈಕೇಲ್ ವಿಡೇನಿಯಸ್ ಅದೇ ಸೋರ್ಸ್ ಕೋಡಿನಿಂದ ಮರಿಯಾಡಿಬಿ ಎಂಬ ಕವಲನ್ನು ಆರಂಭಿಸಿದ್ದರು. ಹಳೆಯ ಹೆಸರಿನ ಹಕ್ಕು ಕಂಪನಿಯದಾದ್ದರಿಂದ ಹೊಸ ಹೆಸರು ಬೇಕಾಯಿತು. 2013ರಲ್ಲಿ ವಿಕಿಪೀಡಿಯ ಮರಿಯಾಡಿಬಿಗೆ ಬದಲಾಯಿತು.

ಕೊಂಡವರ ಕೈಗೆ ಸಿಗುವುದೂ ಸಿಗದಿರುವುದೂ ಇಲ್ಲಿ ಸ್ಪಷ್ಟವಾಗುತ್ತದೆ. ಹೆಸರು ಅವರದು, ಕೃತಿಸ್ವಾಮ್ಯ ಪೂರ್ತಿಯಾಗಿ ಕೈಯಲ್ಲಿದ್ದರೆ ಮುಂದಿನ ಆವೃತ್ತಿಗಳ ಪರವಾನಗಿಯನ್ನೂ ಬದಲಿಸಬಹುದು. ಆದರೆ ಈಗಾಗಲೇ ಜಿ.ಪಿ.ಎಲ್. ಅಡಿಯಲ್ಲಿ ಹಂಚಿದ್ದನ್ನು ಹಿಂದಕ್ಕೆ ಪಡೆಯಲಾಗದು.

ಬಳಸುವವರ ಪಾಡು

ಹಾಗೆಂದು ಬಳಸುವವರು ನಿಶ್ಚಿಂತೆಯಿಂದ ಇರಬಹುದೇ? ಇಲ್ಲ. ರೆಡ್ ಹ್ಯಾಟ್‌ನ ಲಿನಕ್ಸನ್ನೇ ಹೋಲುವ ಸೆಂಟ್‌ಓಎಸ್, ಚಂದಾ ಕೊಡಲಾಗದ ಅನೇಕರಿಗೆ ಆಸರೆಯಾಗಿತ್ತು. 2014ರಿಂದ ಅದು ರೆಡ್ ಹ್ಯಾಟ್‌ನ ಆಶ್ರಯದಲ್ಲಿತ್ತು. ಅದರ ಎಂಟನೆಯ ಆವೃತ್ತಿಗೆ 2029ರವರೆಗೆ ತಿದ್ದುಪಡಿಗಳು ಬರುತ್ತವೆಂದು ಜನ ನಂಬಿದ್ದರು. 2020ರ ಡಿಸೆಂಬರಿನಲ್ಲಿ, 2021ರ ಕೊನೆಗೇ ಅದನ್ನು ನಿಲ್ಲಿಸುವ ಪ್ರಕಟಣೆ ಬಂತು. ಅದನ್ನು ನೆಚ್ಚಿದ್ದವರಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಉಳಿದದ್ದು ಒಂದೇ ವರ್ಷ. ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಹುಟ್ಟಿ ಆ ಜಾಗ ತುಂಬಿದವು, ನಿಜ. ಆದರೆ ಸ್ಥಳಾಂತರದ ಶ್ರಮ ಮತ್ತು ಖರ್ಚು ಬಳಸುವವರ ತಲೆಯ ಮೇಲೆಯೇ ಬಿತ್ತು.

ಆದ್ದರಿಂದ ಕಾಲೇಜಾಗಲಿ, ಸಹಕಾರ ಸಂಘವಾಗಲಿ, ಸಣ್ಣ ಉದ್ಯಮವಾಗಲಿ, ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಇದರ ಪರವಾನಗಿ ಯಾವುದು? ಕೃತಿಸ್ವಾಮ್ಯ ಒಂದೇ ಕಂಪನಿಯ ಕೈಯಲ್ಲಿದೆಯೇ, ಹಲವರಲ್ಲಿ ಹಂಚಿದೆಯೇ? ಆ ಕಂಪನಿ ಕೈಬಿಟ್ಟರೆ ರಿಪೇರಿ ಮಾಡಬಲ್ಲವರು ಬೇರೆ ಇದ್ದಾರೆಯೇ? ಉತ್ತರಗಳು ಸಮಾಧಾನಕರವಾಗಿದ್ದರೆ ಕಂಪನಿಯ ಒಡೆತನ ಬದಲಾದರೂ ನಮ್ಮ ಕೆಲಸ ನಿಲ್ಲುವುದಿಲ್ಲ. ತಂತ್ರಾಂಶ ಉಚಿತವಾಗಿ ಬರಬಹುದು. ಅದನ್ನು ನೋಡಿಕೊಳ್ಳುವ ಹೊಣೆ ಮಾತ್ರ ಯಾರಾದರೂ ಹೊರಲೇಬೇಕು.