ಯಾತ್ರೆಗೆ ಹೊರಟಾಗ ಮನೆಯ ಮೋತಿ

ಇತ್ತೀಚೆಗೆ ನಮ್ಮ ಸಮಾಜದ ಮನೆಗಳಲ್ಲಿ ನಾಯಿ, ಬೆಕ್ಕು ಸಾಕುವುದು ಹೆಚ್ಚಾಗಿದೆ. ಮಕ್ಕಳ ಹಟವಿರಲಿ, ಗೋದಾಮಿನ ಕಾವಲಿರಲಿ, ಒಮ್ಮೆ ಹೊಸ್ತಿಲೊಳಗೆ ಬಂದ ಜೀವ ಮನೆಯವರಲ್ಲಿ ಒಂದಾಗುತ್ತದೆ. ಆದರೆ ಮದುವೆಗೋ ತೀರ್ಥಯಾತ್ರೆಗೋ ಹೊರಟಾಗ ಮಾತ್ರ ಅದನ್ನು ಸಾಮಾನಿನ ಗಂಟಿನಂತೆ ಕಾಣುತ್ತೇವೆ. ನಾವೂ ಹಾಗೆ ಕಂಡವರೇ. ಅದನ್ನು ಮೊದಲು ಒಪ್ಪಿಕೊಂಡು ಮುಂದೆ ಬರೆಯುತ್ತೇವೆ.

2018ರ ಮೇ ತಿಂಗಳು. ಜತ್ತದಿಂದ ಮಿರಜ ಮಾರ್ಗವಾಗಿ ಕುಂಭೋಜದ ಬಾಹುಬಲಿ ಕ್ಷೇತ್ರಕ್ಕೆ ಕಾರಿನಲ್ಲಿ ಹೋದೆವು. ಮೊಮ್ಮಗನ ಹಟಕ್ಕೆ ಮೋತಿಯೂ ಜೊತೆಗಿತ್ತು. ಮುಟ್ಟಿದಾಗ ಹತ್ತೂವರೆ. ಹತ್ತು ನಿಮಿಷದ ದರ್ಶನ ತಾನೇ ಎಂದು ಕಾರನ್ನು ಗಿಡದ ನೆರಳಿಗೆ ನಿಲ್ಲಿಸಿ, ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ, ಮೋತಿಯನ್ನು ಒಳಗೇ ಬಿಟ್ಟೆವು. 28 ಅಡಿಯ ಆ ಅಮೃತಶಿಲೆಯ ಮೂರ್ತಿಯ ಮುಂದೆ ನಿಂತವರಿಗೆ ಹೊತ್ತಿನ ಎಚ್ಚರವೆಲ್ಲಿ? ಮುಕ್ಕಾಲು ತಾಸು ಕಳೆಯಿತು. ಹೊರಗೆ ಬಂದು ನೋಡಿದರೆ ನೆರಳು ಸರಿದು ಕಾರು ಬಿಸಿಲಿನಲ್ಲಿತ್ತು. ಮೋತಿ ಸೀಟಿನ ಕೆಳಗೆ ಬಿದ್ದು ಏದುತ್ತಿತ್ತು. ಬಾಯಲ್ಲಿ ಅಂಟು ಜೊಲ್ಲು, ಒಸಡು ಕೆಂಪು, ಕಾಲು ಊರಲು ಆಗುತ್ತಿಲ್ಲ. ಯಾರೋ ಪುಣ್ಯಾತ್ಮರು ಎರಡು ಕೊಡ ನೀರು ತಂದು ಸುರಿದರು. ದನದ ಡಾಕ್ಟರ ಬಳಿ ಒಯ್ದೆವು. ಇನ್ನು ಕಾಲು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅವರು.

ತಿರುಗಿ ಬರುವಾಗ ಮೊಮ್ಮಗ ಕೇಳಿದ: "ಅಜ್ಜಾ, ಪ್ರಾಣಿನ ಕೂಡಿ ಹಾಕೂದು ತಪ್ಪು ಅಂತ ಪಾಠಶಾಲೆಯೊಳಗ ಹೇಳ್ಯಾರಲ್ಲ?" ನಾವು ಮಾತಾಡಲಿಲ್ಲ.

ಹುಡುಗ ಹೇಳಿದ್ದು ಸರಿಯೇ. ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪರ್ಯೂಷಣದಲ್ಲಿ ವರ್ಷವರ್ಷವೂ ಕೇಳುತ್ತೇವೆ. ಅದು ಎತ್ತು, ಕುದುರೆ ಕಟ್ಟಿ ವ್ಯಾಪಾರ ಮಾಡುತ್ತಿದ್ದ ಹಿಂದಿನವರ ಮಾತು, ನಮಗಲ್ಲ ಎಂದು ತಿಳಿದಿದ್ದೆವು. ಗಾಜು ಏರಿಸಿದ ಕಾರೂ ಬಂಧವೇ ಅಲ್ಲವೇ?

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದಿ ಏದಿಯೇ ಮೈ ತಂಪು ಮಾಡಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದರೆ ಏದಿಯೂ ಉಪಯೋಗವಿಲ್ಲ. ಬಿಸಿಲಿಗೆ ನಿಂತ ಕಾರಿನೊಳಗೆ ಅರ್ಧ ತಾಸಿನಲ್ಲಿ ಹೊರಗಿಗಿಂತ 15ರಿಂದ 20 ಡಿಗ್ರಿ ಹೆಚ್ಚು ಕಾವು ಏರುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಹೆಚ್ಚು ವ್ಯತ್ಯಾಸವಾಗದು. ಬೇನೆ ಬಂದಿತೆಂದು ಕಂಡರೆ ನೆರಳಿಗೆ ಒಯ್ದು, ಹೊಟ್ಟೆ, ತೊಡೆ, ಪಾದಗಳ ಮೇಲೆ ಸಾದಾ ತಣ್ಣೀರು ಸುರಿದು ಗಾಳಿ ಹಾಕಬೇಕು. ಬಾಯೊಳಗೆ ಬಲವಂತದಿಂದ ನೀರು ಹೊಯ್ಯಬಾರದು. ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ಪ್ರಯಾಣವೇನಿದ್ದರೂ ನಸುಕಿನಲ್ಲಿ ಹೊರಡುವುದು ಮೇಲು.

ಇನ್ನು ಅನ್ನಪಾನ. ಹೊರಡುವ ಮೂರು ನಾಲ್ಕು ತಾಸು ಮೊದಲೇ ಊಟ ಮುಗಿದಿರಲಿ, ಇಲ್ಲದಿದ್ದರೆ ವಾಂತಿಯಾಗುತ್ತದೆ. ನೀರನ್ನು ಮಾತ್ರ ತಡೆಯಬಾರದು. ಎರಡು ತಾಸಿಗೊಮ್ಮೆ ಇಳಿಸಿ ಕುಡಿಸಿರಿ. ನಮಗೆ ಉಪವಾಸ, ರಾತ್ರಿಭೋಜನ ತ್ಯಾಗ ಇರುತ್ತದೆ. ವ್ರತ ತೊಟ್ಟವರು ನಾವು, ನಾಯಿಯಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೂ ಬೆಕ್ಕಿಗೂ ವಿಷ. ನಮ್ಮ ಬುತ್ತಿಯಲ್ಲಿ ಅವು ಇರುವುದಿಲ್ಲ, ಆ ಚಿಂತೆ ಬೇಡ. ಆದರೆ ನಮ್ಮದು ದ್ರಾಕ್ಷಿಯ ಸೀಮೆ. ತಾಸಗಾಂವದ ಒಣದ್ರಾಕ್ಷಿ ಪ್ರತಿ ಮನೆಯ ಡಬ್ಬಿಯಲ್ಲೂ ಇದೆ, ಮಕ್ಕಳು ಪ್ರೀತಿಯಿಂದ ನಾಯಿಗೂ ಕೊಡುತ್ತಾರೆ. ದ್ರಾಕ್ಷಿ ಹಸಿಯಿರಲಿ ಒಣಗಿದ್ದಿರಲಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಮನುಷ್ಯರ ಜ್ವರದ ಗುಳಿಗೆಯನ್ನೂ ಕೊಡಬೇಡಿರಿ. ಬೆಕ್ಕಿಗೆ ಒಂದು ಪ್ಯಾರಸಿಟಮಾಲ್ ಸಾಕು, ಪ್ರಾಣ ಹೋಗುತ್ತದೆ.

ಕಾರಿನಲ್ಲಿ ಹಿಂದಿನ ಸೀಟೇ ಸರಿ. ಕೊರಳಿಗೆ ಹಗ್ಗ ಕಟ್ಟಿ ಬಾಗಿಲಿಗೆ ಬಿಗಿದರೆ ಬ್ರೇಕ್ ಹಾಕಿದಾಗ ಉರುಲಾಗುತ್ತದೆ. ಎದೆಗೆ ಕಟ್ಟುವ ಪಟ್ಟಿ ಪೇಟೆಯಲ್ಲಿ ಸಿಗುತ್ತದೆ. ಬೆಕ್ಕನ್ನು ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿಟ್ಟು, ಮನೆಯ ಹಳೆಯ ಬಟ್ಟೆ ಹಾಸಿದರೆ ಹೆದರುವುದು ಕಡಿಮೆ.

ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂಡಿಸಿಕೊಳ್ಳಲು ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ನಮ್ಮದಾಗಬೇಕು. ಸ್ಲೀಪರ್, ಟೂ ಟಯರ್, ಥ್ರೀ ಟಯರ್‌ಗಳಲ್ಲಿ ಬಿಡುವುದಿಲ್ಲ. ಗಾಡಿ ಹೊರಡುವ ಮೊದಲು ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಿಸಬೇಕು; ಡಾಕ್ಟರ ಸರ್ಟಿಫಿಕೇಟು, ಹುಚ್ಚುನಾಯಿ ರೋಗದ ಲಸಿಕೆಯ ಕಾರ್ಡು ಕೈಯಲ್ಲಿರಲಿ. ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯೇ ಗತಿ. ಆ ಕತ್ತಲೆ, ಸದ್ದು, ಸೆಕೆಯಲ್ಲಿ ರಾತ್ರಿಯಿಡೀ ಇರಿಸುವುದಕ್ಕಿಂತ ಬೀಗರ ಮನೆಯಲ್ಲೋ ಅಂಗಡಿಯ ಆಳಿನ ಬಳಿಯೋ ಬಿಟ್ಟು ಹೋಗುವುದು ಲೇಸೆಂದು ನಮ್ಮ ಅಭಿಪ್ರಾಯ.

ಮೋತಿಗೆ ಈಗ ವಯಸ್ಸಾಗಿದೆ, ಆದರೂ ಕಾರಿನ ಬಾಗಿಲು ತೆರೆದರೆ ಮೊದಲು ಏರುವುದು ಅದೇ. ಯಾವ ಕ್ಷೇತ್ರಕ್ಕೆ ಹೋದರೂ ಒಬ್ಬರು ಅದರ ಜೊತೆ ಹೊರಗೆ ನೆರಳಿನಲ್ಲಿ ಕೂಡುವುದೆಂದು ಸರದಿ ಮಾಡಿಕೊಂಡಿದ್ದೇವೆ. ಹೋದ ಸಲ ನಮ್ಮ ಸರದಿ. ಅಭಿಷೇಕ ಮುಗಿಸಿ ಬಂದ ನಮ್ಮ ಮನೆಯವರು ಗಂಧೋದಕವನ್ನು ಬಟ್ಟಲಲ್ಲಿ ತಂದು ಗಿಡದ ಕೆಳಗೇ ನಮ್ಮ ಹಣೆಗೆ ಹಚ್ಚಿದರು.