ಜನ ಮೆಚ್ಚಿದ ಅಂಗಡಿಗಳು ಮುಚ್ಚುವದೇಕೆ?

ವ್ಯಾಪಾರದಲ್ಲಿ ಹಾನಿ ತಟ್ಟಿ ಅಂಗಡಿಗಳು ಬಾಗಿಲಿಕ್ಕುವದು ಲೋಕದಲ್ಲಿ ದಿನನಿತ್ಯದ ಸಂಗತಿ. ಕಳಪೆ ಸರಕು ಮಾರಿದವನ, ತೂಕದಲ್ಲಿ ಮೋಸ ಮಾಡಿದವನ ಅಂಗಡಿ ಮುಚ್ಚಿತೆಂದರೆ ಊರವರು ಒಂದು ದಿನ ಮಾತಾಡಿಕೊಂಡು ಮರುದಿನ ಮರೆಯುತ್ತಾರೆ. ಆದರೆ ಒಳ್ಳೆಯ ಸರಕನ್ನು ನ್ಯಾಯವಾದ ಬೆಲೆಗೆ ಕೊಟ್ಟು, ಎರಡು ಮೂರು ತಲೆಮಾರುಗಳ ವಿಶ್ವಾಸವನ್ನು ಗಳಿಸಿ, ಜನರು ತಮ್ಮದೆಂದೇ ಭಾವಿಸಿದ ಸಂಸ್ಥೆಯೊಂದು ಕಣ್ಣೆದುರಿಗೇ ಕ್ಷೀಣಿಸಿ ಹೋದರೆ, ಅದನ್ನು ದೈವಗತಿಯೆಂದು ಬಿಟ್ಟುಬಿಡುವದು ವಿಚಾರವಂತರಿಗೆ ಸಲ್ಲದು. ಅಂಥ ಎರಡು ಸಂಸ್ಥೆಗಳ ಕಥೆಯನ್ನು ನಾವು ಇಂದು ವಾಚಕರ ಮುಂದೆ ಇಡುತ್ತೇವೆ. ಒಂದು ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರದ ಕಥೆ, ಇನ್ನೊಂದು ಅಮೇರಿಕೆಯ ರೇಡಿಯೋ ಶ್ಯಾಕ್ ಎಂಬ ಅಂಗಡಿಗಳ ಸಾಲಿನ ಕಥೆ. ಒಂದು ಗಡಿಯಾರವನ್ನು ಮಾಡಿ ಮಾರುತ್ತಿತ್ತು. ಇನ್ನೊಂದು ವಿದ್ಯುತ್ ಯಂತ್ರಗಳನ್ನೂ ಅವುಗಳ ಬಿಡಿಭಾಗಗಳನ್ನೂ ಮಾರುತ್ತಿತ್ತು. ಎರಡೂ ಜನರ ಪ್ರೀತಿಯಲ್ಲಿ ಬೆಳೆದವು. ಆ ಪ್ರೀತಿ ಇರುವಾಗಲೇ ಅಳಿದವು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಿರಿಯರಿಗೆ ಎಚ್.ಎಂ.ಟಿ. ಎಂಬ ಮೂರು ಅಕ್ಷರಗಳನ್ನು ವಿವರಿಸಬೇಕಾದ ಕಾರಣವಿಲ್ಲ. ಕೊಳಕೂರದಂಥ ಊರುಗಳಲ್ಲಿ ಒಂದು ಕಾಲಕ್ಕೆ ಹೊತ್ತನ್ನು ಅರಿಯಲು ಬಿಸಿಲು ಇತ್ತು, ನೆರಳು ಇತ್ತು, ಗುಡಿಯ ಗಂಟೆ ಇತ್ತು. ಕೈಗಡಿಯಾರವು ಶ್ರೀಮಂತರ ಒಡವೆಯಾಗಿತ್ತು. ಅದೂ ಸ್ವಿಟ್ಜರ್ಲಂಡಿನಿಂದ ಬಂದದ್ದು, ಇಲ್ಲವೆ ಕಳ್ಳಸಾಗಾಣಿಕೆಯಲ್ಲಿ ಒಳನುಸುಳಿದ್ದು. ಈ ಸ್ಥಿತಿಯನ್ನು ಬದಲಿಸಿದ ಕೀರ್ತಿ ಬೆಂಗಳೂರಿನ ಕಾರ್ಖಾನೆಗೆ ಸಲ್ಲಬೇಕು. ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ 1953ರಲ್ಲಿ ಭಾರತ ಸರಕಾರವು ಸ್ಥಾಪಿಸಿದ ಹಿಂದುಸ್ತಾನ್ ಮಶೀನ್ ಟೂಲ್ಸ್ ಸಂಸ್ಥೆಯು, ಜಪಾನದ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಕೈಗಡಿಯಾರದ ಉದ್ಯೋಗಕ್ಕೆ ಕೈಹಾಕಿತು. ಮೊದಲ ಗಡಿಯಾರಗಳನ್ನು ಪಂಡಿತ ಜವಾಹರಲಾಲ ನೆಹರೂ ಅವರು ಬಿಡುಗಡೆ ಮಾಡಿದರು. ನಿಜಾಮನ ಆಳಿಕೆಯಿಂದ 1948ರಲ್ಲಿ ಬಿಡುಗಡೆ ಹೊಂದಿ, 1956ರಲ್ಲಿ ಕನ್ನಡ ನಾಡಿಗೆ ಸೇರಿದ ಕಲಬುರ್ಗಿ ಸೀಮೆಗೆ, ತನ್ನದೇ ರಾಜಧಾನಿಯಲ್ಲಿ ತಯಾರಾದ ಗಡಿಯಾರವು ಐದೇ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದುದು ಸಣ್ಣ ಸಂಗತಿಯಲ್ಲ.

ಹೆಸರುಗಳೂ ಎಷ್ಟು ಅಂದವಾಗಿದ್ದವು! ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ, ಕೊಹಿನೂರ್, ಹೆಣ್ಣುಮಕ್ಕಳಿಗೆ ಸುಜಾತಾ. ಕಣ್ಣಿಲ್ಲದವರು ಬೆರಳಿನಿಂದ ಮುಟ್ಟಿ ಹೊತ್ತನ್ನು ತಿಳಿಯುವ ಗಡಿಯಾರಗಳನ್ನೂ ಈ ಕಾರ್ಖಾನೆ ಮಾಡಿತು. ಬೆಳಿಗ್ಗೆ ಎದ್ದು ಮುಖ ತೊಳೆದು ಗಡಿಯಾರಕ್ಕೆ ಕೀಲಿ ಕೊಡುವದು ಮನೆಯ ಯಜಮಾನನ ನಿತ್ಯಕರ್ಮಗಳಲ್ಲಿ ಒಂದಾಯಿತು. ತೊಗರಿಯ ರಾಶಿ ಮಾರಿ ಬಂದ ಹಣದಲ್ಲಿ ಮಗನಿಗೆ ವಾಚು, ಮದುವೆಯಲ್ಲಿ ಅಳಿಯನಿಗೆ ವಾಚು, ನಿವೃತ್ತನಾದ ಗುಮಾಸ್ತನಿಗೆ ಸಹೋದ್ಯೋಗಿಗಳಿಂದ ವಾಚು. ಹೀಗೆ ಬಾಳಿನ ಮುಖ್ಯ ಪ್ರಸಂಗಗಳಲ್ಲೆಲ್ಲ ಅದು ಸಾಕ್ಷಿಯಾಗಿ ನಿಂತಿತು. ಬೆಂಗಳೂರಿನ ತರುವಾಯ ಕಾಶ್ಮೀರದ ಶ್ರೀನಗರದಲ್ಲಿ, ನಮ್ಮ ತುಮಕೂರಿನಲ್ಲಿ, ಹಿಮಾಲಯದ ತಪ್ಪಲಿನ ರಾಣಿಬಾಗದಲ್ಲಿ ಕಾರ್ಖಾನೆಗಳು ಎದ್ದವು. ಸಂಸ್ಥೆಯು ತನ್ನ ಆಯುಷ್ಯದಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ಗಡಿಯಾರಗಳನ್ನು ಜನರ ಮಣಿಕಟ್ಟಿಗೆ ಕಟ್ಟಿತು. ಲಾಲಬಾಗಿನ ಹೂವಿನ ಗಡಿಯಾರವೂ ಇದರದೇ ಕೊಡುಗೆ.

ಇಷ್ಟು ಭದ್ರವಾದ ತಳಹದಿಯುಳ್ಳ ಮನೆ ಕುಸಿದುದು ಹೇಗೆ? ನಮ್ಮ ಅಭಿಪ್ರಾಯದಲ್ಲಿ ಕುಸಿತದ ಬೀಜವು ವೈಭವದ ದಿನಗಳಲ್ಲಿಯೇ ಬಿತ್ತಲ್ಪಟ್ಟಿತ್ತು. ಆಗ ಬೇಡಿಕೆಗೆ ತಕ್ಕಷ್ಟು ಗಡಿಯಾರಗಳು ಸಿಕ್ಕುತ್ತಿರಲಿಲ್ಲ. ಗಿರಾಕಿಯು ಕಾಯಬೇಕು, ಪರಿಚಯದವರಿಂದ ಮಾತು ಹಾಕಿಸಬೇಕು, ಸಿಕ್ಕ ನಮೂನೆಯನ್ನು ಕೊಂಡು ಸಂತೋಷಪಡಬೇಕು. ಪರದೇಶದ ಸರಕಿಗೆ ಕಟ್ಟುನಿಟ್ಟಾದ ತಡೆ. ದೇಶದೊಳಗೆ ಪರವಾನಿಗೆಯಿಲ್ಲದೆ ಪ್ರತಿಸ್ಪರ್ಧಿ ತಲೆಯೆತ್ತುವಂತಿಲ್ಲ. ಅಂಗಡಿಯ ಮುಂದಿನ ಸಾಲನ್ನು ಕಂಡು ಒಳಗಿನವರು, ಇದೆಲ್ಲವೂ ನಮ್ಮ ಮೇಲಿನ ಪ್ರೀತಿ ಎಂದು ತಿಳಿದರು. ಅದರಲ್ಲಿ ಪ್ರೀತಿಯ ಅಂಶ ಇದ್ದಿತು ನಿಜ. ಆದರೆ ಕೊರತೆಯ ಅಂಶವೂ ಇದ್ದಿತು. ಬರಗಾಲದಲ್ಲಿ ಬಾವಿಯ ಮುಂದೆ ಕೊಡಗಳ ಸಾಲು ನಿಂತರೆ ಅದು ನೀರಿನ ರುಚಿಗೆ ಸಿಕ್ಕ ಪ್ರಶಸ್ತಿಯಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕವು ಸಂಸ್ಥೆಗೆ ಇಲ್ಲದೆ ಹೋಯಿತು.

ಅಷ್ಟರಲ್ಲಿ ಲೋಕದ ಗಡಿಯಾರವೇ ಬದಲಾಯಿತು. ಜಪಾನದ ಸೈಕೊ ಕಂಪನಿಯು 1969ರಲ್ಲಿ ಸ್ಫಟಿಕದಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಹೊರತಂದಿತು. ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸುವ ಸ್ಫಟಿಕದ ಚೂರು, ಒಂದು ಗುಂಡಿಯಷ್ಟು ಬ್ಯಾಟರಿ, ಒಂದಿಷ್ಟು ಎಲೆಕ್ಟ್ರಾನಿಕ್ ಜೋಡಣೆ. ಕೀಲಿ ಕೊಡುವ ಕೆಲಸವೇ ಇಲ್ಲ, ತಿಂಗಳಿಗೆ ಕೆಲವೇ ಸೆಕೆಂಡುಗಳ ವ್ಯತ್ಯಾಸ. ಎಚ್.ಎಂ.ಟಿ.ಯವರು ಈ ವಿದ್ಯೆಯನ್ನು ಅರಿಯದವರಲ್ಲ. 1980ರ ದಶಕದ ಆರಂಭದಲ್ಲಿಯೇ ಅವರು ಕ್ವಾರ್ಟ್ಜ್ ಗಡಿಯಾರವನ್ನು ಹೊರತಂದಿದ್ದರು. ಆದರೆ ಅದನ್ನು ಪಕ್ಕಕ್ಕಿಟ್ಟುಕೊಂಡು, ಕೀಲಿಯ ಗಡಿಯಾರವನ್ನೇ ಮುಖ್ಯವೆಂದು ನಂಬಿ ನಡೆದರು. ಹೊಸ ವಿದ್ಯೆ ಕೈಯಲ್ಲಿದ್ದೂ ಹಳೆಯ ಯಂತ್ರಗಳ ಮೋಹ ಬಿಡಲಿಲ್ಲ.

ಅವರು ಬಿಟ್ಟ ದಾರಿಯನ್ನು ಹಿಡಿದವರು ನೆರೆಯಲ್ಲಿಯೇ ಹುಟ್ಟಿದರು. ಟಾಟಾ ಮನೆತನದವರೂ ತಮಿಳುನಾಡು ಸರಕಾರದ ಉದ್ಯಮ ನಿಗಮವೂ ಕೂಡಿ 1984ರಲ್ಲಿ ಟೈಟಾನ್ ಕಂಪನಿಯನ್ನು ಸ್ಥಾಪಿಸಿ, ಬೆಂಗಳೂರಿನಿಂದ ಕೂಗಳತೆಯ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿದರು. 1987ರ ಸುಮಾರಿಗೆ ಅವರ ಗಡಿಯಾರಗಳು ಪೇಟೆಗೆ ಬಂದವು. ಎಚ್.ಎಂ.ಟಿ.ಯಲ್ಲಿ ಪಳಗಿದ ಕೆಲವರೇ ಅಲ್ಲಿ ಹೊಸ ಕೆಲಸಕ್ಕೆ ಹೆಗಲು ಕೊಟ್ಟರೆಂಬುದು ಗಮನಿಸಬೇಕಾದ ಸಂಗತಿ. ಟೈಟಾನಿನವರು ಸ್ಫಟಿಕದ ಗಡಿಯಾರವನ್ನೇ ಮುಖ್ಯವಾಗಿ ಹಿಡಿದರು. ಅದಕ್ಕಿಂತ ಹೆಚ್ಚಾಗಿ, ಅಂಗಡಿಯನ್ನೇ ಹೊಸದಾಗಿ ಕಲ್ಪಿಸಿದರು. ದೀಪ ಬೆಳಗಿದ ತಮ್ಮವೇ ಮಳಿಗೆಗಳಲ್ಲಿ ನೂರಾರು ನಮೂನೆಗಳನ್ನು ಹರಡಿ, ನಿಮಗೆ ಯಾವುದು ಬೇಕು ಎಂದು ಗಿರಾಕಿಯನ್ನು ಕೇಳಿದರು. ಅಲ್ಲಿಯವರೆಗೆ ಗಿರಾಕಿಗೆ ಕೇಳಿಬರುತ್ತಿದ್ದುದು, ಸಿಕ್ಕರೆ ಕೊಡುತ್ತೇವೆ ಎಂಬ ಮಾತು. ಈ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ ಒಂದು ಯುಗ ಮುಗಿದು ಇನ್ನೊಂದು ಯುಗ ಆರಂಭವಾಯಿತು.

ಮೊಬೈಲ್ ದೂರವಾಣಿ ಬಂದು ಜನರು ಅದರಲ್ಲಿಯೇ ಹೊತ್ತು ನೋಡತೊಡಗಿದರು, ಹೀಗಾಗಿ ಗಡಿಯಾರದ ಕಾರ್ಖಾನೆ ಬಿದ್ದಿತು ಎಂದು ಕೆಲವರು ವಾದಿಸುವದುಂಟು. ಈ ವಾದವನ್ನು ನಾವು ಒಪ್ಪಲಾರೆವು. ಅದೇ ಮೊಬೈಲಿನ ಕಾಲದಲ್ಲಿಯೇ ಹೊಸೂರಿನ ಕಂಪನಿಯು ಬೆಳೆಯುತ್ತ ಹೋಯಿತಲ್ಲವೆ? ಒಂದೇ ಮಳೆಯಲ್ಲಿ ಒಬ್ಬನ ಹೊಲ ಹಸಿರಾಗಿ ಇನ್ನೊಬ್ಬನ ಹೊಲ ಕೊಚ್ಚಿ ಹೋದರೆ, ದೋಷವನ್ನು ಮುಗಿಲಿನಲ್ಲಿ ಹುಡುಕದೆ ಬದುವಿನಲ್ಲಿ ಹುಡುಕಬೇಕು. 2000ದಲ್ಲಿ ಗಡಿಯಾರದ ವಿಭಾಗವನ್ನು ಬೇರೆ ಕಂಪನಿಯನ್ನಾಗಿ ಮಾಡಲಾಯಿತು; ನಷ್ಟ ನಿಲ್ಲಲಿಲ್ಲ. ಮುಚ್ಚುವ ಸುದ್ದಿ 2014ರಲ್ಲಿ ಹಬ್ಬಿತು. 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಅಂತಿಮ ಒಪ್ಪಿಗೆ ಕೊಟ್ಟಿತು. ಉಳಿದ ನೌಕರರನ್ನು 2007ರ ವೇತನಶ್ರೇಣಿಯ ಲೆಕ್ಕದಲ್ಲಿ ಪರಿಹಾರ ಕೊಟ್ಟು ಕಳುಹಿಸಲಾಯಿತು. ತುಮಕೂರಿನ ಕಾರ್ಖಾನೆಯ ನೆಲವು ಬಾಹ್ಯಾಕಾಶ ಸಂಸ್ಥೆಗೆ ಹೋಯಿತು. ಕೂದಲೆಳೆಯಷ್ಟು ಸೂಕ್ಷ್ಮವಾದ ಭಾಗಗಳನ್ನು ಚಿಮಟಿಗೆಯಿಂದ ಎತ್ತಿ ಕೂಡಿಸುತ್ತ ಕಣ್ಣು ಸವೆಸಿಕೊಂಡ ಕೆಲಸಗಾರರ ಕೌಶಲಕ್ಕೆ ಈ ಲೆಕ್ಕದಲ್ಲಿ ಬೆಲೆ ಕಟ್ಟಿದವರಾರು?

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಮುಚ್ಚುವ ಸುದ್ದಿ ಹಬ್ಬಿದೊಡನೆ ಎಚ್.ಎಂ.ಟಿ. ಮಳಿಗೆಗಳಿಗೆ ಜನರು ನುಗ್ಗಿದರು. ಹಳೆಯ ನಮೂನೆಗಳಿಗೆ ಏರಿದ ಬೆಲೆ ಕೊಟ್ಟು ಕೊಂಡರು. ಪ್ರೀತಿಯು ಸತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಸಾಲು ಮತ್ತೆ ನಿಂತಿತು. ಆದರೆ ಈ ಸಾರೆ ಅದು ಅಂತಿಮ ದರ್ಶನದ ಸಾಲಾಗಿತ್ತು.

ಇನ್ನು ಅಮೇರಿಕೆಯ ಕಥೆಗೆ ಬರೋಣ. ಬೋಸ್ಟನ್ ಪಟ್ಟಣದಲ್ಲಿ 1921ರಲ್ಲಿ ಥಿಯೊಡೋರ್ ಮತ್ತು ಮಿಲ್ಟನ್ ಡಾಯ್ಚ್‌ಮನ್ ಎಂಬ ಸಹೋದರರು ಒಂದು ಚಿಕ್ಕ ಅಂಗಡಿ ತೆರೆದರು. ಹಡಗಿನ ಮೇಲೆ ನಿಸ್ತಂತು ಯಂತ್ರವನ್ನಿಡುವ ಕೋಣೆಗೆ ಆ ಕಾಲದಲ್ಲಿ ರೇಡಿಯೋ ಶ್ಯಾಕ್ ಎನ್ನುತ್ತಿದ್ದರು. ಅದೇ ಹೆಸರನ್ನು ಅಂಗಡಿಗೆ ಇಟ್ಟರು. ಹಡಗಿನ ಅಧಿಕಾರಿಗಳು, ಮನೆಯಲ್ಲಿ ಕುಳಿತು ತಾವೇ ನಿಸ್ತಂತು ಯಂತ್ರ ಕಟ್ಟುವ ಹವ್ಯಾಸಿಗಳು ಅದರ ಮೊದಲ ಗಿರಾಕಿಗಳು. 1963ರ ಹೊತ್ತಿಗೆ ಅಂಗಡಿ ದಿವಾಳಿಯ ಅಂಚಿಗೆ ಬಂದಿದ್ದಾಗ, ಟೆಕ್ಸಾಸ್ ಪ್ರಾಂತದ ತೊಗಲಿನ ವ್ಯಾಪಾರಿ ಚಾರ್ಲ್ಸ್ ಟ್ಯಾಂಡಿ ಎಂಬಾತನು ಅದನ್ನು ಕೊಂಡು ಊರೂರಿಗೆ ಹಬ್ಬಿಸಿದನು. ಚಿಕ್ಕ ಊರಿನ ಹುಡುಗನೂ ಒಂದು ತಂತಿ, ಒಂದು ಟ್ರಾನ್ಸಿಸ್ಟರ್, ಒಂದು ಗುಂಡಿ ಬೇಕೆಂದರೆ ಅಲ್ಲಿಗೆ ಹೋಗುತ್ತಿದ್ದನು. ತಿಂಗಳಿಗೊಂದು ಬ್ಯಾಟರಿಯನ್ನು ಪುಕ್ಕಟೆ ಕೊಡುವ ಚೀಟಿಯೂ ಇತ್ತು. 1977ರಲ್ಲಿ ಈ ಅಂಗಡಿಯು ತನ್ನದೇ ಗಣಕಯಂತ್ರವನ್ನು ಮಾರಲಾರಂಭಿಸಿ, ಸಾಮಾನ್ಯರ ಮನೆಗೆ ಗಣಕವನ್ನು ಒಯ್ದ ಮೊದಲಿಗರಲ್ಲಿ ಒಂದಾಯಿತು.

ಎಚ್.ಎಂ.ಟಿ.ಯು ನಿಂತಲ್ಲೇ ನಿಂತು ಕೆಟ್ಟಿತು. ರೇಡಿಯೋ ಶ್ಯಾಕ್ ಕಂಡಕಂಡಲ್ಲಿ ಓಡಿ ಕೆಟ್ಟಿತು. 1993ರಲ್ಲಿ ಗಣಕದ ತಯಾರಿಕೆಯನ್ನು ಮಾರಿಕೊಂಡಿತು. ಬಳಿಕ ಪರರ ಮೊಬೈಲುಗಳನ್ನು ಮಾರಿ ದಲ್ಲಾಳಿ ಪಡೆಯುವದೇ ಮುಖ್ಯ ಕಸುಬಾಯಿತು. ಬಿಡಿಭಾಗಗಳ ಕಪಾಟುಗಳು ಹಿಂದಿನ ಗೋಡೆಗೆ ಸರಿದು ಕೆಲವೇ ಖಾನೆಗಳಾಗಿ ಕುಗ್ಗಿದವು. 2006ರಲ್ಲಿ ಮುಖ್ಯ ಕಚೇರಿಯ ಸುಮಾರು 400 ನೌಕರರನ್ನು ಇ-ಮೇಲ್ ಕಳುಹಿಸಿ ಕೆಲಸದಿಂದ ತೆಗೆದುಹಾಕಿದ್ದು, ಗಿರಾಕಿಯೊಡನೆ ಮಾತಾಡಿ ಬೆಳೆದ ಅಂಗಡಿಯು ತನ್ನವರೊಡನೆಯೇ ಮಾತು ಮರೆತುದರ ಕುರುಹಾಗಿತ್ತು. ಮುಂದೆ ಹವ್ಯಾಸಿಗಳ ಹೊಸ ಪೀಳಿಗೆ ಎದ್ದು ಬಿಡಿಭಾಗಗಳಿಗೆ ಮತ್ತೆ ಬೇಡಿಕೆ ಹುಟ್ಟಿದಾಗ, 2011ರಲ್ಲಿ ಅವರ ಸಲಹೆ ಕೇಳುವ ಬುದ್ಧಿ ಬಂದಿತು, ಕಾಲ ಮೀರಿತ್ತು. 2015ರ ಫೆಬ್ರುವರಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಅಂಗಡಿಗಳ ಈ ಸಂಸ್ಥೆಯು ದಿವಾಳಿ ಅರ್ಜಿ ಹಾಕಿತು, 2017ರಲ್ಲಿ ಇನ್ನೊಮ್ಮೆ. ತಂತಿಯೊಂದನ್ನು ಕೊಂಡವನ ಹೆಸರನ್ನೂ ವಿಳಾಸವನ್ನೂ ಬರೆದುಕೊಳ್ಳುವದು ಬಹುಕಾಲ ಆ ಅಂಗಡಿಯ ಪದ್ಧತಿಯಾಗಿತ್ತು. ದಿವಾಳಿಯ ಕಾಲಕ್ಕೆ ಮಾರಾಟಕ್ಕಿಟ್ಟ ಆಸ್ತಿಗಳಲ್ಲಿ ಆ ಗಿರಾಕಿಗಳ ಯಾದಿಯೂ ಒಂದು. ಪ್ರಾಂತ ಸರಕಾರಗಳು ಅದಕ್ಕೆ ತಕರಾರು ಹೂಡಬೇಕಾಯಿತು. ಗಿರಾಕಿಯ ಹೆಸರು ಗೊತ್ತಿತ್ತು, ಅವನ ಮನಸ್ಸು ಗೊತ್ತಿರಲಿಲ್ಲ.

ಈ ಎರಡು ಕಥೆಗಳ ಸಾರಾಂಶವೇನು? ಒಂದು ಸರಕಾರದ ಸ್ವತ್ತು, ಇನ್ನೊಂದು ಖಾಸಗಿಯವರ ಸ್ವತ್ತು. ಆದುದರಿಂದ ಒಡೆತನವೊಂದನ್ನೇ ಹಿಡಿದು ಜರಿಯುವದು ನ್ಯಾಯವಲ್ಲ. ಒಂದು ಹೊಸದನ್ನು ದೂರವಿಟ್ಟಿತು, ಇನ್ನೊಂದು ಹೊಸದರ ಬೆನ್ನು ಹತ್ತಿತು. ಆದುದರಿಂದ ಹೊಸತನವೊಂದೇ ಮದ್ದಲ್ಲ. ಎರಡಕ್ಕೂ ಸಮಾನವಾದ ರೋಗ ಒಂದೇ: ಕಟ್ಟೆಯ ಆಚೆ ನಿಂತವನು ಏನು ಕೇಳುತ್ತಿದ್ದಾನೆಂಬುದನ್ನು ಕಿವಿಗೊಟ್ಟು ಕೇಳದೆ ಇದ್ದುದು. ಜನರ ಪ್ರೀತಿಯೆಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಬಂಗಾರವಲ್ಲ. ಅದು ಕೀಲಿಯ ಗಡಿಯಾರದ ಹಾಗೆ. ನಿನ್ನೆ ಕೊಟ್ಟ ಕೀಲಿ ಇಂದಿಗೆ ಸಾಲದು.

ಈ ಮಾತನ್ನು ನಾವು ಕೇವಲ ಸತ್ತವರ ಶ್ರಾದ್ಧಕ್ಕಾಗಿ ಬರೆಯುತ್ತಿಲ್ಲ. ಮೈಸೂರು ಸ್ಯಾಂಡಲ್ ಸಾಬೂನು, ನಂದಿನಿ ಹಾಲು ಮುಂತಾಗಿ ಕನ್ನಡಿಗರು ಅಭಿಮಾನದಿಂದ ಕೊಳ್ಳುವ ಸರಕುಗಳು ಇಂದಿಗೂ ನಮ್ಮಲ್ಲಿವೆ. ಅವುಗಳ ಹೊಣೆ ಹೊತ್ತ ಅಧಿಕಾರಿಗಳು ವರ್ಷಾಂತ್ಯದ ಮಾರಾಟದ ಅಂಕಿಗಳಿಂದ ತೃಪ್ತರಾಗದೆ, ಕಲಬುರ್ಗಿಯ ಪೇಟೆಯಲ್ಲಿ, ಜೇವರ್ಗಿಯ ಸಂತೆಯಲ್ಲಿ ನಿಂತು, ಕೊಳ್ಳುವವನು ಏಕೆ ಕೊಂಡ, ಕೊಳ್ಳದವನು ಏಕೆ ಹೊರಟುಹೋದ ಎಂಬುದನ್ನು ವಿಚಾರಿಸಬೇಕು. ಅಭಿಮಾನದಿಂದ ಕೊಳ್ಳುವ ಗಿರಾಕಿಯು ಬಹಳ ಸಹನೆಯುಳ್ಳವನು. ಅವನು ಜಗಳವಾಡುವದಿಲ್ಲ, ದೂರು ಬರೆಯುವದಿಲ್ಲ. ಒಂದು ದಿನ ಸುಮ್ಮನೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎಚ್.ಎಂ.ಟಿ. ಕಂಪನಿಯು ಬೆಂಗಳೂರಿನಲ್ಲಿ 2019ರಲ್ಲಿ ತನ್ನ ಇತಿಹಾಸದ ಸಂಗ್ರಹಾಲಯವನ್ನು ತೆರೆದಿದೆ. ನೋಡತಕ್ಕ ಸ್ಥಳವೇ ಸರಿ. ಆದರೆ ಬದುಕಿರುವ ಇನ್ನಾವ ಸಂಸ್ಥೆಗೂ ಅಂಥ ಕಟ್ಟಡ ಕಟ್ಟುವ ಪ್ರಸಂಗ ನಮ್ಮ ನಾಡಿಗೆ ಬರಬಾರದು. ಅದಕ್ಕೆ ಬೇಕಾದ ಜಾಗರೂಕತೆ ದುಬಾರಿಯದಲ್ಲ; ಎದುರಿಗೆ ನಿಂತ ಗಿರಾಕಿಯ ಮಾತನ್ನು ಕೇಳುವಷ್ಟು ಹೊತ್ತು ಸಾಕು.